ದಯಾವತಿ ಟೀಚರು ಬರೆದ ಒಂದು ವಾಕ್ಯ

ಮೊದಲೇ ಹೇಳಿಬಿಡುತ್ತೇನೆ, ಆ ಕಾಗದಕ್ಕೆ ನಾನೂ ಸಹಿ ಹಾಕಿದವಳು. ಓದದೆ ಹಾಕಿದೆ. ಸಮಿತಿಯಲ್ಲಿ ಒಂಬತ್ತು ಜನ ಹೆಂಗಸರಿದ್ದೆವು, ಒಬ್ಬರೂ ಓದಲಿಲ್ಲ. ಯಾಕೆಂದರೆ ಬರೆದವರು ದಯಾವತಿ ಟೀಚರು. ಅವರು ಬರೆದದ್ದನ್ನು ಇನ್ನೊಬ್ಬರು ಪರೀಕ್ಷೆ ಮಾಡಿ ನೋಡುವುದೇ? ಅಂಥ ಧೈರ್ಯ ನಮ್ಮಲ್ಲಿ ಯಾರಿಗಿತ್ತು! ಈಗ ಉಳಿದವರೆಲ್ಲ ತಪ್ಪನ್ನು ಅವರೊಬ್ಬರ ತಲೆಗೆ ಕಟ್ಟಿ ಆರಾಮಾಗಿದ್ದಾರೆ. ನನಗೆ ಹಾಗಿರಲು ಆಗುತ್ತಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಫೇಬಿ. ಮೂವತ್ತೊಂದು ವರ್ಷ ನರ್ಸ್ ಕೆಲಸ ಮಾಡಿ ನಿವೃತ್ತಳಾದವಳು. ಬಾಯಿ ಸ್ವಲ್ಪ ಜೋರು ಎಂದು ಚರ್ಚಿನಲ್ಲಿ ಹೆಸರಿದೆ, ಇರಲಿ. ದೇಶಪಾಂಡೆ ನಗರದಲ್ಲಿ ಕೆಳಗಿನ ಮನೆ ನನ್ನದು, ಮೇಲಿನ ಎರಡು ಕೋಣೆಗಳಲ್ಲಿ ದಯಾವತಿ ಟೀಚರು ಇದ್ದಾರೆ. ಹತ್ತೊಂಬತ್ತು ವರ್ಷಗಳಿಂದ ಅವರ ಮನೆಯ ಕುಕ್ಕರ್ ಸೀಟಿ ಎಷ್ಟು ಸಲ ಕೂಗುತ್ತದೆಂಬುದೂ ನನಗೆ ಗೊತ್ತು.

ಅವರ ಅಪ್ಪ ಚಾರ್ಲ್ಸ್, ಧಾರವಾಡದ ಒಂದು ಸಣ್ಣ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ಅದೇನು ಚಟವೋ, ಮನೆಗೆ ಬಂದರೂ ತಿದ್ದುವುದು ನಿಲ್ಲುತ್ತಿರಲಿಲ್ಲ. ಹುಡುಗಿ ಚೀಟಿಯಲ್ಲಿ "ಸಾಲಿಗೆ ಹೋಗೇನಿ" ಎಂದು ಬರೆದಿಟ್ಟು ಹೋದರೆ ಸಂಜೆ ಆ ಚೀಟಿ "ಶಾಲೆಗೆ ಹೋಗಿದ್ದೇನೆ" ಎಂದಾಗಿ ಅವಳ ಊಟದ ತಾಟಿನ ಪಕ್ಕ ಬಿದ್ದಿರುತ್ತಿತ್ತು. ಬಾಯಲ್ಲಿ ಹೇಗಾದರೂ ಮಾತಾಡು, ಕಾಗದದ ಮೇಲೆ ಮಾತ್ರ ಒಂದು ಕಲೆ ಇರಬಾರದು, ವಾಕ್ಯವನ್ನು ತಲೆಯಲ್ಲೇ ಪೂರ್ತಿ ಕಟ್ಟಿಕೊಂಡು ಆಮೇಲೆ ಪೆನ್ನು ಎತ್ತು — ಇದು ಅಪ್ಪನ ಕಟ್ಟಪ್ಪಣೆ. ಟೀಚರು ಅದನ್ನು ಎಪ್ಪತ್ತು ದಾಟುವವರೆಗೂ ಪಾಲಿಸಿದರು. ಈ ಪ್ರಸಂಗದವರೆಗೆ ಅವರ ಬರವಣಿಗೆಯಲ್ಲಿ ಹೊಡೆದುಹಾಕಿದ ಒಂದು ಅಕ್ಷರವನ್ನೂ ನಾನು ನೋಡಿರಲಿಲ್ಲ. ಕಚ್ಚಾ ಪ್ರತಿ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಹುಬ್ಬಳ್ಳಿಯ ಹುಡುಗಿಯರ ಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿದರು. ರೈಲ್ವೆ ವರ್ಕ್‌ಶಾಪಿನಲ್ಲಿದ್ದ ಗಂಡ ಟೈಟಸ್ ತೀರಿಕೊಂಡು ಹನ್ನೆರಡು ವರ್ಷವಾಯಿತು, ಮಕ್ಕಳಿಲ್ಲ. ಗರಗದ ಖಾದಿ ಸೀರೆ, ಎಣ್ಣೆ ಹಚ್ಚಿ ಬಿಗಿದ ತುರುಬು. ತರಕಾರಿಯವನ ಬೋರ್ಡಿನಲ್ಲಿ "ಬದನೇಕಾಯಿ"ಗೆ ದೀರ್ಘ ತಪ್ಪಿದ್ದರೆ ಅಲ್ಲೇ ನಿಂತು ಸೀಮೆಸುಣ್ಣ ಕೇಳುವ ಮನುಷ್ಯರು. ಅವರ ಜೊತೆ ಸಂತೆಗೆ ಹೋಗುವುದೆಂದರೆ ನನಗೆ ಸಾಕುಸಾಕಾಗುತ್ತಿತ್ತು.

ಮೂರು ವರ್ಷದ ಅವಧಿಗೆ ಊರಿನ ಮಹಿಳಾ ಸಮಾನತಾ ಸಲಹಾ ಸಮಿತಿ ಎಂದು ಒಂದನ್ನು ಮಾಡಿದಾಗ ನಮ್ಮಿಬ್ಬರನ್ನೂ ಹಾಕಿಕೊಂಡರು. ನಾನು ಆರೋಗ್ಯ ಕ್ಷೇತ್ರದಿಂದ, ಅವರು ಶಿಕ್ಷಣ ಕ್ಷೇತ್ರದಿಂದ. ಅಧ್ಯಕ್ಷೆ ಪ್ರಭಾವತಿ, ಹತ್ತು ವರ್ಷ ಮಹಿಳಾ ಮಂಡಳ ನಡೆಸಿದವರು. ಕಾರ್ಯದರ್ಶಿಯಾಗಿ ಗುರುಶಿದ್ದಪ್ಪ ಎಂಬ ನೌಕರ. ಪ್ರತಿ ತಿಂಗಳು ಎರಡನೇ ಗುರುವಾರ ಸಭೆ. ಬಸ್‌ಸ್ಟ್ಯಾಂಡಿನಲ್ಲಿ ದೀಪ ಇಲ್ಲ, ಹೆಂಗಸರ ಕೂಲಿ ಕಡಿಮೆ, ಇಂಥವನ್ನು ಕೇಳಿ ಸಂಬಂಧಪಟ್ಟವರಿಗೆ ಸಲಹೆ ಕೊಡುವುದು ನಮ್ಮ ಕೆಲಸ. ಆ ಸಲಹೆಯನ್ನು ಪಾಲಿಸಬೇಕೆಂದು ಯಾರಿಗೂ ಕಡ್ಡಾಯವಿರಲಿಲ್ಲ. ನಮ್ಮ ಕೈಯಲ್ಲಿದ್ದದ್ದು ಕಾಗದ ಒಂದೇ. ಅದಕ್ಕೇ ನಡಾವಳಿ ಬರೆಯುವ ಕೆಲಸ ಟೀಚರಿಗೆ ಹೋಯಿತು, ಅವರು ಅದನ್ನು ಪೂಜೆಯಂತೆ ಮಾಡಿದರು.

ತರಕಾರಿ ಮಾರುವವರ ಪರವಾಗಿ ಸಾವಂತ್ರೆವ್ವ ನಮ್ಮ ಸಮಿತಿಯಲ್ಲಿದ್ದಳು. ಓದು ಬಾರದು, ಸಹಿ ಮಾತ್ರ ಕಲಿತಿದ್ದಳು. ಮೊದಲ ಸಭೆಯಲ್ಲೇ ಎದ್ದು, "ಮಾರ್ಕೆಟ್ನ್ಯಾಗ ನೂರಾ ಇಪ್ಪತ್ತ ಹೆಣ್ಣಮಕ್ಕಳದೇವ್ರಿ. ಮುಂಜಾನಿಂದ ಸಂಜಿತನಕಾ ಕುಂತ್ರ ಉಚ್ಚಿ ಹೊಯ್ಯಾಕ ಎಲ್ಲಿ ಹೋಗೂಣು? ಅದನ್ನ ಬರ್ಕೋರಿ!" ಎಂದಳು. ಮುಂದಿನ ತಿಂಗಳು ಟೀಚರು ಗಟ್ಟಿಯಾಗಿ ಓದಿದರು: "ಮಾರುಕಟ್ಟೆಯ ಮಹಿಳಾ ವ್ಯಾಪಾರಿಗಳು ನೈಸರ್ಗಿಕ ಬಾಧೆಯ ನಿವಾರಣೆಗೆ ಸೌಕರ್ಯವಿಲ್ಲದೆ ಬಳಲುತ್ತಿರುವುದನ್ನು ಸದಸ್ಯರು ಸಭೆಯ ಗಮನಕ್ಕೆ ತಂದರು." ಸಾವಂತ್ರೆವ್ವ ಬಾಯಿ ತೆರೆದು ಕೇಳಿ, "ನಾ ಹಿಂಗ ಅಂದೆನ? ಭಾಳ ಶ್ಯಾಣೇಕಿ ಆದೆ ಬಿಡ್ರಿ!" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಪ್ರಭಾವತಿ ಚಪ್ಪಾಳೆ ಹೊಡೆದರು. ಶೌಚಾಲಯ ಇವತ್ತಿಗೂ ಆಗಿಲ್ಲ, ಆ ಮಾತು ಬೇರೆ.

ಎರಡು ಸಾವಿರದ ಇಪ್ಪತ್ಮೂರರ ಜುಲೈ ಸಭೆಗೆ ತಸ್ಲೀಮಾ ಬಂದಳು. ಹಳೇ ಹುಬ್ಬಳ್ಳಿಯವಳು, ಸ್ಕೂಟರ್ ಸೀಟು ಹೊಲಿಯುವ ಕಾಸಿಮಸಾಬರ ಮಗಳು, ಟೀಚರ ಹಳೆಯ ವಿದ್ಯಾರ್ಥಿನಿ. ಮನೆಯಲ್ಲಿ ಆಡುವುದು ಉರ್ದು, ಆದರೂ ಹತ್ತನೆಯ ತರಗತಿಯಲ್ಲಿ ಕನ್ನಡಕ್ಕೆ ಶಾಲೆಗೇ ಮೊದಲು ಬಂದಿದ್ದಳಂತೆ. ಗಂಡ ಇಕ್ಬಾಲ ಮೆಕ್ಯಾನಿಕ್ ಆಗಿದ್ದ. ಲಾರಿಯ ಕೆಳಗೆ ಮಲಗಿ ಕೆಲಸ ಮಾಡುವಾಗ ಜ್ಯಾಕ್ ಜಾರಿ ಅಲ್ಲೇ ಹೋಗಿಬಿಟ್ಟ. ಆಮೇಲೆ ಅವಳು ಊರಾಚೆಯ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಹೊಲಿಗೆಗೆ ಸೇರಿದಳು. ಸೇರಿಸಿಕೊಂಡವನು ಮೇಲ್ವಿಚಾರಕ ಸಂಕೇತ. ಈಗ ದೂರು ಅವನ ಮೇಲೆಯೇ.

ಕಾರ್ಖಾನೆಯೊಳಗೂ ಇಂಥ ದೂರು ಕೇಳಲು ಒಂದು ಸಮಿತಿ ಇತ್ತು. ಅದರ ಮುಖ್ಯಸ್ಥೆ ಮಾಲೀಕರ ತಂಗಿ. ಆಕೆ ದೂರು ಇಸಿದುಕೊಂಡು, ಸಾಕ್ಷಿ ಏನಿದೆ ಎಂದು ಕೇಳಿ ಸುಮ್ಮನಾಗಿದ್ದಳು. ಪೊಲೀಸರ ಹತ್ತಿರ ಹೋಗಲು ಕಾಸಿಮಸಾಬರು ಬಿಡಲಿಲ್ಲ. ತಸ್ಲೀಮಾಳ ಮಗಳು ಅಬೀದಾ ಎಂಟನೆಯ ತರಗತಿಗೆ ಬಂದಿದ್ದಾಳೆ, ಮೊಮ್ಮಗಳ ಮುಂದಿನದನ್ನು ನೋಡಬೇಕು ಎಂಬ ಹೆದರಿಕೆ ಅವರದು. ಹೀಗಾಗಿ ತಸ್ಲೀಮಾಗೆ ಉಳಿದದ್ದು ನಾವು. ಊರಿನ ಸಮಿತಿಯ ಮುಂದೆ ಹೀಗೆ ಹೇಳಿದ್ದಾಳೆ ಎಂದು ಒಂದು ಕಾಗದ ಹೋದರೆ ಕಾರ್ಖಾನೆಯವರು ವಿಚಾರಣೆ ಮಾಡಲೇಬೇಕಾಗುತ್ತದೆ, ತನ್ನ ಕೆಲಸ ಉಳಿಯುತ್ತದೆ ಎಂದು ನಂಬಿ ಬಂದಿದ್ದಳು.

ಅವಳು ನಿಂತೇ ಮಾತಾಡಿದಳು. ಕೂಡು ಎಂದರೂ ಕೂಡಲಿಲ್ಲ. "ಸರ್ರು ಲೆಕ್ಕದ ಬುಕ್ಕ ತೊಗೊಂಡ ಬಾ ಅಂತ ಸ್ಟೋರ್ ರೂಮಿಗೆ ಕರದ್ರು. ನಾ ಒಳಗ ಹ್ವಾದ ಕೂಡ್ಲೆ ಬಾಗಲಾ ಹಾಕಿದ್ರು. ನನ್ನ ಕೈ ಹಿಡದ್ರು. ಹಿಡದು ಜಗ್ಗಿದ್ರು. ನಾ ಒಲ್ಲೆ, ಬಿಡ್ರಿ ಅಂದೆ. ದುಪಟ್ಟಾ ಹರೀತ್ರಿ. ನಾ ಚೀರಿದ ಮ್ಯಾಲೆ ಬಿಟ್ರು." ಇಷ್ಟು ಹೇಳಿ ಟೀಚರ ಮುಖ ನೋಡಿದಳು. "ಟೀಚರ್, ನನಗ ಭಾಳ ನಾಚಿಕಿ ಆಕ್ಕೇತಿ ಇದನ್ನ ಹೇಳಾಕ," ಎಂದಳು.

ಗಮನಿಸಿ, ಅಂಥ ನೀಚನಿಗೂ ಅವಳು "ಸರ್ರು" ಎಂದಳು, "ಹಿಡದ್ರು" ಎಂದಳು. ನಮ್ಮ ಕಡೆಯ ಹೆಣ್ಣುಮಕ್ಕಳ ನಾಲಿಗೆಗೆ ಆ ಮರ್ಯಾದೆ ಅಂಟಿಬಿಟ್ಟಿರುತ್ತದೆ. ನನಗೆ ಮೈಯೆಲ್ಲ ಉರಿಯಿತು. ಅವನ ಕೈ ಮುರಿಯಬೇಕು ಎಂದು ನಾನು ಗಟ್ಟಿಯಾಗಿಯೇ ಅಂದೆ. ಪ್ರಭಾವತಿ, "ಫೇಬಿಯವರ, ಸಭಾದಾಗ ಅದೇವ್ರಿ," ಎಂದು ಗದರಿದರು.

ಅಂದು ಆಟೋದಲ್ಲಿ ಮನೆಗೆ ಬರುವಾಗ ಟೀಚರು, "ಆ ಹುಡುಗಿ ಮಾನಾನ ಫೈಲಿನ್ಯಾಗ ಬಿಚ್ಚಿ ಇಡೂದ ಬ್ಯಾಡ ಫೇಬಿ. ಹತ್ತ ಮಂದಿ ಗಂಡಸ್ರು ಓದ್ತಾರ, ಚಹಾ ಕುಡಕೋತ ನಗ್ತಾರ. ನಾ ಚೊಕ್ಕ ಬರೀತೇನಿ," ಎಂದರು. ನನಗೂ ಅದು ಸರಿ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಎಷ್ಟು ಸೂಕ್ಷ್ಮ ಮನಸ್ಸು ಇವರದು ಎಂದು ಮೆಚ್ಚಿಕೊಂಡೆ ಕೂಡ.

ಅವರು ಬರೆದ ವಾಕ್ಯ ಈಗ ನನಗೆ ಬಾಯಿಪಾಠವಾಗಿದೆ. "ಮೇಲ್ವಿಚಾರಕರು ತಮ್ಮ ಕೈ ಹಿಡಿದರೆಂದೂ, ಅದರಿಂದ ತಾವು ಬಹಳ ಸಂಕೋಚಕ್ಕೆ ಒಳಗಾಗಿರುವುದಾಗಿಯೂ ಅರ್ಜಿದಾರರು ಸಭೆಗೆ ನಿವೇದಿಸಿಕೊಂಡರು." ಅದರ ಕೆಳಗೆ, ಸೂಕ್ತ ಕ್ರಮ ಕೈಗೊಳ್ಳುವಂತೆ ಕಾರ್ಖಾನೆಗೆ ಸಲಹೆ ನೀಡಲು ತೀರ್ಮಾನಿಸಲಾಯಿತು ಎಂದಿತ್ತು. ಜಗ್ಗಿದ್ದು ಇಲ್ಲ, ಬಾಗಿಲು ಇಲ್ಲ, ಹರಿದ ದುಪಟ್ಟಾ ಇಲ್ಲ. ಆಗಸ್ಟ್ ಸಭೆಯಲ್ಲಿ ಉಪ್ಪಿಟ್ಟು ತಿನ್ನುತ್ತ ಕಾಗದವನ್ನು ಕೈಯಿಂದ ಕೈಗೆ ದಾಟಿಸಿದೆವು, ಸಹಿ ಹಾಕಿದೆವು. ನಡಾವಳಿಯ ಪ್ರತಿ ಕಾರ್ಖಾನೆಗೆ ಹೋಯಿತು.

ಸೆಪ್ಟೆಂಬರಿನಲ್ಲಿ ಉತ್ತರ ಬಂತು. ಗುರುಶಿದ್ದಪ್ಪ ಎದ್ದು ನಿಂತು ಓದಿದ. "ಪತಿಯ ನಿಧನಾನಂತರ ಕಷ್ಟದಲ್ಲಿದ್ದ ಸದರಿ ಮಹಿಳೆಗೆ ಉದ್ಯೋಗ ಕೊಟ್ಟು ನಮ್ಮ ಮೇಲ್ವಿಚಾರಕರು ಕೈ ಹಿಡಿದಿರುವುದನ್ನೂ, ಆ ಉಪಕಾರದ ಭಾರದಿಂದ ತಾನು ಸಂಕೋಚಪಟ್ಟಿರುವುದನ್ನೂ ಆಕೆಯೇ ತಮ್ಮ ಘನ ಸಮಿತಿಯ ಮುಂದೆ ಒಪ್ಪಿಕೊಂಡಿರುತ್ತಾಳೆ. ಆದ್ದರಿಂದ ನಮ್ಮಲ್ಲಿ ಸಲ್ಲಿಸಿದ ದೂರು ಸುಳ್ಳೆಂದು ಸಾಬೀತಾಗಿದ್ದು, ಆಕೆಯನ್ನು ಕೆಲಸದಿಂದ ವಜಾ ಮಾಡಲಾಗಿದೆ."

ಥೂ, ಎಂಥ ತಲೆ! ಯಾವನೋ ವಕೀಲ ಕೂತು ಯೋಚಿಸಿದ್ದಾನೆ. ಆದರೆ ಕೈ ಹಿಡಿದದ್ದು, ಸಂಕೋಚ, ಈ ಎರಡು ಮಾತು ಅವನು ಹುಟ್ಟಿಸಿದ್ದಲ್ಲ. ಕೈ ಹಿಡಿಯುವುದು ಎಂದರೆ ಪುಸ್ತಕದ ಕನ್ನಡದಲ್ಲಿ ಆಸರೆಯಾಗುವುದು. ಸಂಕೋಚ ಎಂದರೆ ಯಾರದೋ ಋಣಕ್ಕೆ ಬಿದ್ದಾಗಲೂ ಆಗುವಂಥದು. ಎರಡನ್ನೂ ಜೋಡಿಸಿ ಕೊಟ್ಟವರು ಟೀಚರು. ನಾನು ಅವರ ಕಡೆ ನೋಡಿದೆ. ತುಟಿ ಅಲುಗುತ್ತಿತ್ತು, ಆ ವಾಕ್ಯವನ್ನೇ ಒಳಗೊಳಗೆ ಓದಿಕೊಳ್ಳುತ್ತಿದ್ದರು. ಎರಡು ಸಲ ಓದಿಕೊಂಡು, ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಮರುದಿನವೇ ತಸ್ಲೀಮಾ ಮನೆಗೆ ಬಂದಳು. ಕಾರ್ಖಾನೆಯವರು ಅವಳ ಕೈಗೆ ವಜಾ ಪತ್ರದ ಜೊತೆ ನಮ್ಮ ನಡಾವಳಿಯ ಪ್ರತಿಯನ್ನೂ ಕೊಟ್ಟಿದ್ದರು. ಮೇಲೆ ಹತ್ತುವ ಮೆಟ್ಟಿಲಲ್ಲೇ ನಿಂತು ಕೇಳಿದಳು. "ಟೀಚರ್, ಜಗ್ಗಿದ್ರು ಅಂದಿದ್ದೆನಲ್ರಿ. ಅದೆಲ್ಲಿ ಹೋತು? ಬಾಗಲಾ ಹಾಕಿದ್ರು ಅಂದಿದ್ದೆ. ಅದೆಲ್ಲಿ ಹೋತು?"

ಟೀಚರು, "ನಿನ್ನ ಮರ್ಯಾದಿ ಉಳೀಲಿ ಅಂತ..." ಎಂದು ಶುರುಮಾಡಿ ನಿಲ್ಲಿಸಿಬಿಟ್ಟರು.

"ನನ್ನ ಮರ್ಯಾದಿ ನಾ ನೋಡ್ಕೊಂಡು ಬಂದಿದ್ದೆನ್ರಿ. ನಾಚಿಕಿ ಬಿಟ್ಟು ಒಂಬತ್ತ ಮಂದಿ ಮುಂದ ಹೇಳಿದ್ದೆ. ನೀವು ಅದನ್ನ ಇದ್ದಂಗ ಬರದಿದ್ರ ಸಾಕಿತ್ತು," ಎಂದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು, ನೀರಾದರೂ ಕೊಟ್ಟು ಸಮಾಧಾನ ಮಾಡುತ್ತಿದ್ದೆ.

ಅಕ್ಟೋಬರ್ ಸಭೆಗೆ ಟೀಚರು ತಿದ್ದುಪಡಿ ಬರೆದುಕೊಂಡು ಹೋದರು. ಎದ್ದು ನಿಂತು, "ತಪ್ಪು ನಂದು. ಆಕಿ ಹೇಳಿದ್ದು ಬ್ಯಾರೆ, ನಾ ಬರದದ್ದು ಬ್ಯಾರೆ. ಆಕಿ ಹೇಳಿದ್ದನ್ನ ಹೇಳಿದಂಗ ಬರದೇನಿ, ಇದನ್ನ ದಾಖಲೆ ಮಾಡ್ರಿ," ಎಂದರು. ಮೂವತ್ತನಾಲ್ಕು ವರ್ಷ ಬೇರೆಯವರ ತಪ್ಪಿಗೆ ಗುರುತು ಹಾಕಿದ ಹೆಂಗಸು ಹೀಗೆ ಹೇಳಬೇಕಾದರೆ ಒಳಗೆ ಏನಾಗಿರಬೇಕು.

ಪ್ರಭಾವತಿ ಕನ್ನಡಕ ತೆಗೆದಿಟ್ಟರು. "ಟೀಚರ್, ನಡಾವಳಿ ದೃಢ ಆಗಿ ಎರಡ ತಿಂಗಳಾತ್ರಿ. ಈಗ ತಿದ್ದಿದ್ರ ನಾವೆಲ್ಲಾ ಓದಲಾರದ ಸಹಿ ಹಾಕೇವಿ ಅಂತ ಆಕ್ಕೇತಿ. ಸಮಿತಿ ಹೆಸರು ಏನಾಗಬೇಕು? ಅಂದು ನೀವು ಬರಕೊಂಡ ಕಚ್ಚಾ ಹಾಳಿ ಐತೇನು?"

ಇರಲಿಲ್ಲ. ಎಲ್ಲಿಂದ ಬರಬೇಕು?

"ಹಂಗಾರ ಆಕಿ ಏನಂದ್ಲು ಅಂತ ಯಾರಿಗರೆ ನೆಪ್ಪೈತೇನು?" ಎಂದು ಪ್ರಭಾವತಿ ಸುತ್ತ ನೋಡಿದರು. ಒಬ್ಬರು ಚಹಾದ ಕಪ್ಪು ನೋಡಿದರು. ಒಬ್ಬರು ಅಂದು ತಮಗೆ ಫೋನು ಬಂದಿತ್ತು ಎಂದರು. ಸಾವಂತ್ರೆವ್ವ, "ನಾ ಕೇಳೇನ್ರಿ. ಜಗ್ಗಿದ ಅಂದ್ಲು, ಅರಿವಿ ಹರದ ಅಂದ್ಲು," ಎಂದಳು. ನಾನೂ ಎದ್ದು, "ನನಗೂ ನೆಪ್ಪೈತಿ. ಎಲ್ಲಾರಿಗೂ ನೆಪ್ಪೈತಿ, ಸೋಗು ಮಾಡಬ್ಯಾಡ್ರಿ!" ಎಂದೆ.

ಪ್ರಭಾವತಿ ನನ್ನ ಕಡೆ ತಿರುಗಿ ತಣ್ಣಗೆ ಕೇಳಿದರು. "ನೆಪ್ಪಿತ್ತಂದ್ರ ಸಹಿ ಯಾಕ ಹಾಕಿದ್ರಿ ಫೇಬಿಯವರ?"

ಉಪ್ಪಿಟ್ಟು ತಿನ್ನುತ್ತಿದ್ದೆ ಎನ್ನಲೇ? ಕೂತುಬಿಟ್ಟೆ. ಆ ಕೂತದ್ದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಟೀಚರು ತಾವೇ ಪಕ್ಷಗಾರರಾದದ್ದರಿಂದ ಅಂದಿನ ನಡಾವಳಿಯನ್ನು ಗುರುಶಿದ್ದಪ್ಪ ಬರೆದ. "ವಿಷಯವನ್ನು ಚರ್ಚಿಸಿ ಮುಂದೂಡಲಾಯಿತು." ಅಷ್ಟೇ. ನವೆಂಬರಿನಲ್ಲಿ ದೀಪಾವಳಿ ಎಂದು ಕೋರಂ ಆಗಲಿಲ್ಲ. ಡಿಸೆಂಬರಿನಲ್ಲಿ ಅಧ್ಯಕ್ಷೆಯ ಮನೆಯಲ್ಲಿ ಮದುವೆ. ಜನವರಿಗೆ ಸಮಿತಿಯ ಮೂರು ವರ್ಷ ಮುಗಿಯಿತು, ಹೊಸದನ್ನು ಯಾರೂ ರಚಿಸಲಿಲ್ಲ. ಕೋಣೆಗೆ ಬೀಗ ಬಿತ್ತು.

ಟೀಚರು ಸುಮ್ಮನೆ ಕೂಡಲಿಲ್ಲ, ಅದನ್ನೂ ಹೇಳಬೇಕು. ಎಪ್ಪತ್ತೊಂದರ ವಯಸ್ಸಿನಲ್ಲಿ ಎರಡು ಬಸ್ಸು ಬದಲಿಸಿ ಕಾರ್ಖಾನೆಯ ಗೇಟಿಗೆ ಹೋದರು. ಎರಡು ದಿನ ಕಾವಲುಗಾರನ ಬೆಂಚಿನ ಮೇಲೆ ಕೂತರು. ಮೂರನೆಯ ದಿನ ಒಳಗೆ ಕರೆದು, ಅವರು ಬರೆದುಕೊಂಡು ಹೋದ ಪತ್ರ ನೋಡಿ, "ಮೇಡಂ, ಇದು ನಿಮ್ಮ ಖಾಸಗಿ ಪತ್ರರಿ. ಸಮಿತಿ ಕಾಗದದ ಮುಂದ ಇದು ನಡಿಯೂದಿಲ್ಲ," ಎಂದು ಹಿಂದೆ ಕೊಟ್ಟರಂತೆ. ಒಬ್ಬ ವಕೀಲರನ್ನೂ ನೋಡಿದೆವು. ಮೊದಲು ಹೇಳಿದ ಮಾತು ಕಾಗದದಲ್ಲಿ ಹೀಗಿರುವಾಗ ಮುಂದೆ ಹೋಗುವುದು ಕಷ್ಟ ಎಂದರು. ಅಂದಿನಿಂದ ಟೀಚರು ಚರ್ಚಿನಲ್ಲಿ ಪ್ರತಿ ಭಾನುವಾರ ಬೈಬಲ್ ಪಾಠ ಓದುತ್ತಿದ್ದುದನ್ನು ಬಿಟ್ಟರು. ಕೇಳಿದರೆ ಕಣ್ಣು ಮಂಜಾಗಿದೆ ಎನ್ನುತ್ತಾರೆ. ಮಂಜೂ ಇಲ್ಲ, ಏನೂ ಇಲ್ಲ, ನಾನು ನರ್ಸು, ನನಗೆ ಗೊತ್ತಾಗುವುದಿಲ್ಲವೇ.

ಫೆಬ್ರವರಿಯ ಒಂದು ಬೆಳಗ್ಗೆ ತಸ್ಲೀಮಾ ಮತ್ತೆ ಬಂದಳು. ಐದು ತಿಂಗಳು ಕೆಲಸವಿರಲಿಲ್ಲ. ಬಹಳ ಇಳಿದುಹೋಗಿದ್ದಳು. ಈ ಸಲ ಮೇಲೆ ಬಂದು ಕುರ್ಚಿಯಲ್ಲಿ ಕೂತಳು. ನಾನೂ ಅಲ್ಲೇ ಇದ್ದೆ.

"ಇನ್ನೊಂದ ಕಾರ್ಖಾನ್ಯಾಗ ತೊಗೊಳ್ತೇವಿ ಅಂದಾರ್ರಿ. ಹಳೇ ಮಂದಿ ಕಡಿಂದ ಛಲೋ ನಡತಿ ಅಂತ ಪತ್ರ ಬೇಕಂತ. ಇವ್ರು ತಪ್ಪೊಪ್ಪಿಗಿ ಬರದ ಕೊಟ್ರ ಕೊಡ್ತೇವಿ ಅಂದ್ರು. ನಾ ಸುಳ್ಳ ದೂರು ಕೊಟ್ಟೆ, ಸಂಕೇತ ಸರ್ರದು ಏನೂ ತಪ್ಪಿಲ್ಲ ಅಂತ. ಸ್ವಚ್ಛ ಕನ್ನಡದಾಗ ಇರಬೇಕಂತ. ನೀವ ಬರದ ಕೊಡ್ರಿ ಟೀಚರ್."

ನನಗೆ ತಡೆಯಲಾಗಲಿಲ್ಲ. "ಹುಚ್ಚಿ ಅದಿಯೇನು? ಅಂವಾ ಮಾಡಿದ್ದಕ್ಕ ನೀ ತಪ್ಪೊಪ್ಕೋತಿ?" ಎಂದು ಕೂಗಿದೆ.

"ಅಬೀದಾ ಸಾಲಿ ಬಿಟ್ಟು ಸೀಟ್ ಹೊಲಿಯಾಕ ಕುಂತಾಳ್ರಿ, ಅಜ್ಜನ ಸಂಗಾಟ," ಎಂದಳು ತಸ್ಲೀಮಾ. "ನೀವು ಬಂದು ಆಕಿನ್ನ ಎಬ್ಬಿಸ್ತೀರೇನು?"

ಟೀಚರು, "ನಾ ಬರಿಯೂದಿಲ್ಲವಾ. ನನ್ನ ಕೈಲೆ ಆಗೂದಿಲ್ಲ," ಎಂದರು.

"ಆಗಬೇಕ್ರಿ. ನಿಮ್ಮ ಮ್ಯಾಲೆ ನನಗ ಸಿಟ್ಟೈತಿ ಟೀಚರ್, ಇಲ್ಲ ಅನ್ನೂದಿಲ್ಲ. ಆದ್ರ ಸಾಲಿ ಬಿಟ್ಟು ಪೆನ್ನು ಹಿಡದು ಭಾಳ ವರ್ಷಾತು, ನನ್ನ ಬರವಣಿಗ್ಯಾಗ ತಪ್ಪಿದ್ರ ಅವ್ರು ಹೊಳ್ಳಿ ಕಳಸ್ತಾರ. ನನಗ ಮತ್ತೊಮ್ಮೆ ಆ ಗೇಟಿಗೆ ಹೋಗಾಕ ಆಗೂದಿಲ್ಲ."

ಟೀಚರು ಎದ್ದು ಕಾಗದ ತಂದರು. ಬರೆದರು. ಎಂಟು ಸಾಲು, ಹೊಡೆದುಹಾಕಿದ್ದು ಒಂದೂ ಇಲ್ಲ. ತಸ್ಲೀಮಾ ಬೆರಳಿಟ್ಟು ಒಂದೊಂದೇ ಪದ ಓದಿ ಸಹಿ ಮಾಡಿದಳು. ಅವಳು ಏಳುವಷ್ಟರಲ್ಲಿ ಟೀಚರು ಅವಳ ಕೈ ಮುಟ್ಟಿ, "ತಸ್ಲೀಮಾ, ನಾ ನಿನಗ ಕ್ಷಮಾ ಕೇಳ್ತೇನಿ," ಎಂದರು.

"ಬಾಯಿಲೆ ಬ್ಯಾಡ್ರಿ. ಅದನ್ನೂ ಬರದ ಕೊಡ್ರಿ," ಎಂದಳು ಅವಳು.

ಟೀಚರು ಮತ್ತೆ ಕೂತರು. ಈ ಸಲ ಬಹಳ ಹೊತ್ತು ಹಿಡಿಯಿತು. ಸ್ಟೋರ್ ರೂಮು, ಬಾಗಿಲು, ಜಗ್ಗಿದ್ದು, ಹರಿದದ್ದು, ಎಲ್ಲವನ್ನೂ ಅವಳು ಅಂದು ಆಡಿದ ಮಾತಿನಲ್ಲೇ ಬರೆದರು. ನಡುವೆ ನಾಲ್ಕು ಕಡೆ ಹೊಡೆದುಹಾಕಿದರು, ಒಂದು ಕಡೆ ಶಾಯಿ ಕಲಸಿತು. ಇವೆಲ್ಲವನ್ನೂ ಅಡಗಿಸಿದ್ದು ನಾನು ಎಂದು ಕೊನೆಗೆ ಬರೆದು, ತಾರೀಖು ಹಾಕಿ, ಸಹಿ ಮಾಡಿ ಕೊಟ್ಟರು.

ತಸ್ಲೀಮಾ ಅದನ್ನು ನಿಧಾನವಾಗಿ ಓದಿದಳು. ಓದುತ್ತ ಅವಳ ಕಣ್ಣುಗಳು ತುಂಬಿದವು, ಮೊದಲ ಸಲ. ಆಮೇಲೆ ಎರಡೂ ಕಾಗದಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದಳು.

"ಎರಡೂ ನಿಮ್ಮ ಅಕ್ಷರಾನ ಅದಾವಲ್ರಿ ಟೀಚರ್. ತಾರೀಖೂ ಒಂದ. ಅದನ್ನ ಅವ್ರಿಗೆ ಕೊಟ್ಟು ಇದನ್ನ ನಾ ಇಟ್ಕೊಂಡ್ರ, ನಾಳೆ ಯಾರರೆ ಎರಡೂ ನೋಡಿ ಯಾವುದು ಖರೇ ಅಂತ ಕೇಳಿದ್ರ ನಾ ಏನ್ ಹೇಳ್ಲಿ?"

ಹತ್ತು ಗಂಟೆಗೆ ಗೇಟಿನ ಹತ್ತಿರ ಇರಬೇಕು ಎಂದು ಅವಳು ಎದ್ದಳು. ನಿಜ ಬರೆದ ಕಾಗದವನ್ನು ಮೇಜಿನ ಮೇಲೆ ಬಿಟ್ಟು, ಸುಳ್ಳು ಬರೆದದ್ದನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಹೋದಳು.